ಅವರ ಸರದಿ ಯಾವಾಗ? ಬಜೆಟ್ ಬರೆಯುವವರಿಗೊಂದು ಬಹಿರಂಗ ಪತ್ರ

ಹಣಕಾಸು ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಾನು ಸರ್ಕಾರಿ ಶಾಲೆಯಲ್ಲಿ ಬಹುಕಾಲ ಒಂದನೇ ತರಗತಿಗೆ ಪಾಠ ಹೇಳಿ ನಿವೃತ್ತಳಾದವಳು. ಶಾಲೆ ಶುರುವಾದ ಮೊದಲ ವಾರ ಅಂಗನವಾಡಿಯಿಂದ ಬಂದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದೆ. ಯಾವ ಮಗುವಿನ ಜೊತೆ ಯಾರಾದರೂ ಕೂತು ಮಾತಾಡಿದ್ದಾರೆ, ಯಾವ ಮಗುವನ್ನು ಯಾರೂ ಮಾತಾಡಿಸಿಲ್ಲ ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಮಾತಾಡಿಸಿಕೊಂಡ ಮಗು ‘ಆಮೇಲೇನಾಯ್ತು ಟೀಚರ್?’ ಅನ್ನುತ್ತದೆ. ಇನ್ನೊಂದು ಸುಮ್ಮನೆ ನನ್ನ ಮುಖ ನೋಡುತ್ತದೆ. ಅದು ದಡ್ಡ ಮಗುವಲ್ಲ. ಅಂಗನವಾಡಿಯಲ್ಲಿ ಅದರ ಸರದಿ ಬಂದಿರಲಿಲ್ಲ, ಅಷ್ಟೆ.

ಈ ಸರದಿಯ ಬಗ್ಗೆಯೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಡತಗಳಲ್ಲಿ ಅದು ‘ತರಬೇತಾದ ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು’ ಎಂಬ ಅಂಕಿಯಾಗಿ ಇರುತ್ತದೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಇರಬೇಕು ಎಂದಿತು. ಮೂರು ವರ್ಷದೊಳಗಿನವರಾದರೆ 10 ಮಕ್ಕಳಿಗೆ ಒಬ್ಬರು. ಸರಿಯಾದ ಮಾತು. ಆದರೆ ಆ ‘ಒಬ್ಬರು’ ಯಾರು, ಅವರ ದಿನ ಹೇಗೆ ಕಳೆಯುತ್ತದೆ ಎಂದು ನೀವು ಒಮ್ಮೆ ನೋಡಬೇಕು.

ನಮ್ಮ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಅಂಗನವಾಡಿ ಇತ್ತು. ಬೆಳಿಗ್ಗೆ ಕಾರ್ಯಕರ್ತೆ ಮಕ್ಕಳನ್ನು ಕೂರಿಸಿ ಹಾಡು ಶುರು ಮಾಡಿದರೆ ಎರಡನೇ ಸಾಲಿಗೆ ಬಾಗಿಲಲ್ಲಿ ಬಾಣಂತಿಯೊಬ್ಬಳು ತಾಯಿ ಕಾರ್ಡ್ ಹಿಡಿದು ನಿಂತಿರುತ್ತಿದ್ದಳು. ಅವಳನ್ನು ಕಳಿಸುವಷ್ಟರಲ್ಲಿ ಮಗುವಿನ ತೂಕ ನೋಡಬೇಕು. ಆಮೇಲೆ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಅಂಗಳಕ್ಕೆ ಬಂದು ಫೋನು ಎತ್ತಿ ಹಿಡಿದು ನಿಲ್ಲಬೇಕು. ಲಸಿಕೆ ದಿನ, ಗರ್ಭಿಣಿಯರ ಊಟ, ಮನೆ ಭೇಟಿ, ಮೇಲ್ವಿಚಾರಕಿ ಬಂದರೆ ರಿಜಿಸ್ಟರು. ಚುನಾವಣೆ ಹತ್ತಿರ ಬಂದರೆ ಎಷ್ಟೋ ಕಾರ್ಯಕರ್ತೆಯರು ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಾರೆ. ಸಹಾಯಕಿ ರಜೆ ಹಾಕಿದ ದಿನ ಒಲೆಯ ಮುಂದೆಯೂ ಅವರೇ. ಅಂಗನವಾಡಿ ಯೋಜನೆ ಹೇಳುವ ಸೇವೆಗಳು ಆರು. ಮಕ್ಕಳಿಗೆ ಕಲಿಸುವುದು ಅದರಲ್ಲಿ ಒಂದು ಮಾತ್ರ.

ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ‘ಪೋಷಣ್ ಭೀ ಪಢಾಯೀ ಭೀ’ ಕಾರ್ಯಕ್ರಮ ಹೇಳುತ್ತದೆ. ಲೆಕ್ಕ ನಿಮ್ಮ ಕಸುಬು, ನಾನೂ ಒಂದಿಷ್ಟು ಲೆಕ್ಕ ಕಲಿಸಿದವಳೇ. ಎರಡು ಗಂಟೆಯನ್ನು 20 ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬರಿಗೆ 6 ನಿಮಿಷ. 30 ಮಕ್ಕಳಿದ್ದರೆ 4 ನಿಮಿಷ. ಅದರಲ್ಲಿ ಒಂದು ಗಂಟೆ ಫೋನಿಗೂ ರಿಜಿಸ್ಟರಿಗೂ ಹೋದರೆ 2 ನಿಮಿಷ. ನಾಲ್ಕು ವರ್ಷದ ಮಗು ತಾನು ದಾರಿಯಲ್ಲಿ ನೋಡಿದ ನಾಯಿಮರಿಯ ಸುದ್ದಿ ಹೇಳಿ ಮುಗಿಸಲಿಕ್ಕೂ 2 ನಿಮಿಷ ಸಾಲುವುದಿಲ್ಲ. ನಿಮ್ಮ ಕಡತದಲ್ಲಿ ಮಾತ್ರ ಕಾರ್ಯಕರ್ತೆ ದಿನವಿಡೀ ಕಲಿಸುವ ಪೂರ್ತಿ ಒಬ್ಬ ಶಿಕ್ಷಕಿ.

ಸರಾಸರಿಯೂ ಮೋಸ ಮಾಡುತ್ತದೆ. ಮಲೆನಾಡಿನ ಚದುರಿದ ಮನೆಗಳ ಊರಿನಲ್ಲಿ ಎಂಟೋ ಹತ್ತೋ ಮಕ್ಕಳಿರಬಹುದು. ಪಟ್ಟಣದ ಅಂಚಿನಲ್ಲಿ, ಕಟ್ಟಡ ಕೆಲಸದವರ ಶೆಡ್ಡುಗಳ ಪಕ್ಕದ ಬಾಡಿಗೆ ಕೋಣೆಯಲ್ಲಿ ಮಕ್ಕಳಿಗೆ ಕಾಲು ಚಾಚಲೂ ಜಾಗವಿರುವುದಿಲ್ಲ. ಎರಡನ್ನೂ ಕೂಡಿಸಿ ಭಾಗಿಸಿದರೆ ಚೆಂದದ ಅಂಕಿ ಬರುತ್ತದೆ, ಶೆಡ್ಡಿನ ಮಗುವಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಇನ್ನು ‘ತರಬೇತಾದ’ ಎಂಬ ಮಾತು. ಪಿಯುಸಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು. ಮೇಲೆ ಹೇಳಿದ ಕಾರ್ಯಕ್ರಮದಲ್ಲಿ ಕಾರ್ಯಕರ್ತೆಗೆ ಇಟ್ಟಿದ್ದು ಮೂರು ದಿನದ ತರಬೇತಿ. ಒಂದನೇ ತರಗತಿಗೆ ಕಲಿಸಲು ನನಗೆ ಎರಡು ವರ್ಷದ ಟಿಸಿಎಚ್ ಶಿಕ್ಷಕ ತರಬೇತಿ ಬೇಕಾಗಿತ್ತು. ಅದಕ್ಕೂ ಎಳೆಯ, ಅದಕ್ಕೂ ಕಷ್ಟದ ವಯಸ್ಸಿಗೆ ಮೂರು ದಿನ ಸಾಕೇ?

ಈ ಕಥೆ ನಮ್ಮದು ಮಾತ್ರವಲ್ಲ. ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಜಗತ್ತಿನ ಶಾಲಾಪೂರ್ವ ವಯಸ್ಸಿನ ಮಕ್ಕಳಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಇದ್ದಾರೆ. ಜಗತ್ತಿನ ಆ ಹಂತದ ಶಿಕ್ಷಕರಲ್ಲಿ ಅಲ್ಲಿರುವವರು ಶೇ. 32ರಷ್ಟು ಮಾತ್ರ ಎಂದು 2019ರಲ್ಲಿ ಯುನಿಸೆಫ್ ಹೇಳಿತು. ಅತಿ ಬಡ ದೇಶಗಳಲ್ಲಿ ಐವರಲ್ಲಿ ಒಂದು ಮಗುವಿಗಷ್ಟೇ ಬಾಲವಾಡಿಯ ಬಾಗಿಲು ತೆರೆದಿತ್ತು. ಅವರಿಗೆ ಹೋಲಿಸಿದರೆ ನಾವು ದೊಡ್ಡದನ್ನು ಕಟ್ಟಿದ್ದೇವೆ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಶಿಕ್ಷಣತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳ ಮನೆಯಂಗಳಕ್ಕೇ ಪಾಠ ಒಯ್ದದ್ದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಅಂಗಳ ನಮ್ಮಲ್ಲಿದೆ. ಅಲ್ಲಿ ಮಗುವಿನ ಪಕ್ಕ ಕೂರುವವರಿಗೆ ಪುರುಸೊತ್ತಿಲ್ಲ.

ಅವರಿಗೆ ನೀವು ಕೊಡುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ. ಕೇಂದ್ರ 2018ರಲ್ಲಿ ಅದನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು; ರಾಜ್ಯ ತನ್ನ ಪಾಲು ಸೇರಿಸುತ್ತದೆ. ಇದು ಅರೆಕಾಲಿಕ ಕೆಲಸ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ, ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯುವ ಮಾತು ಬಂದಾಗ, 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ತಮ್ಮ ಮಕ್ಕಳು ತಮ್ಮ ಕೈತಪ್ಪುತ್ತಾರೆ ಎಂಬ ಅವರ ಸಂಕಟ ನನಗೆ ಅರ್ಥವಾಗುತ್ತದೆ.

ನಾನು ಕೇಳುವುದು ಇಷ್ಟು. ಪ್ರತಿ ಅಂಗನವಾಡಿಗೆ ಕಲಿಸುವುದಕ್ಕೆಂದೇ ಇನ್ನೊಬ್ಬರನ್ನು ಕೊಡಿ, ಅವರಿಗೆ ಆರು ತಿಂಗಳಾದರೂ ನಿಜವಾದ ತರಬೇತಿ ಕೊಡಿ, ಬೇರೆ ಯಾವ ಸರ್ವೆಗೂ ಕಳಿಸಬೇಡಿ. ಹೊಸ ಹುದ್ದೆಗೆ ದುಡ್ಡು ಎಲ್ಲಿಂದ ತರಬೇಕೆಂದು ನೀವು ಕೇಳುತ್ತೀರಿ. ಅದನ್ನು ಹುಡುಕುವುದು ನಿಮಗೆ ಗೊತ್ತು, ನನಗಿಂತ ಚೆನ್ನಾಗಿ ಗೊತ್ತು.

ಮುಂದಿನ ಬಜೆಟ್ಟಿನ ಕಡತ ಬಿಚ್ಚುವ ಮುಂಚೆ, ಯಾರಿಗೂ ಮುಂಚಿತವಾಗಿ ಹೇಳದೆ, ಒಂದು ಸೋಮವಾರ ನಿಮಗೆ ಹತ್ತಿರದ ಅಂಗನವಾಡಿಗೆ ಹೋಗಿ. ಹಿಂದಿನ ಚಾಪೆಯ ಮೇಲೆ ಕೂತುಕೊಳ್ಳಿ. ಟೀಚರ್ ಎಷ್ಟು ಮಕ್ಕಳನ್ನು ಹೆಸರು ಹಿಡಿದು ಕರೆದು ಮಾತಾಡಿಸಿದರು, ಎಷ್ಟು ಸಲ ಅರ್ಧಕ್ಕೆ ಎದ್ದು ಹೋಗಬೇಕಾಯಿತು, ಬರೆದುಕೊಳ್ಳಿ. ನಿಮ್ಮ ಪಕ್ಕ ಕೂತ ಮಗು ಏನಾದರೂ ಹೇಳಲು ಶುರು ಮಾಡಿದರೆ ಪೆನ್ನು ಕೆಳಗಿಟ್ಟು ಕೇಳಿ. ಅದು ಬಹಳ ಹೊತ್ತಿನಿಂದ ಕಾಯುತ್ತಿರುತ್ತದೆ.


ಒಬ್ಬ ನಿವೃತ್ತ ಒಂದನೇ ತರಗತಿ ಶಿಕ್ಷಕಿ