ಸುರುಳಿ ಮೀಮಾಂಸೆ

ಅರ್ಥಾತ್ ರೇಸ್ ಕಾರಿಗೆ ಕಾಯಿಲೋವರ್, ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತ ಕೂರುವ, ಸ್ಪ್ರಿಂಗನ್ನು ಆರಿಸಿ ಕೂರಿಸುವ ವಿಧಿ, ಸೂತ್ರ-ವ್ಯಾಖ್ಯಾನ ಸಹಿತ

ಮಂಗಳಾಚರಣೆ

ವಾಯುಪುತ್ರನಿಗೆ ನಮಸ್ಕಾರ. ನನ್ನ ಹಳೆಯ ಎಸ್ಟೀಮ್ ಕಾರು ಮಾರುತಿ ವಂಶದ್ದು. ಎಗರುವುದು ಅದರ ಕುಲಧರ್ಮ. ಆ ಧರ್ಮ ಬಿಡಿಸಿ ಅದನ್ನು ನೆಲಕ್ಕಂಟಿಸುವುದು ಹೇಗೆಂಬುದೇ ಈ ಗ್ರಂಥದ ವಿಷಯ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ, ಚೆನ್ನೈಯಲ್ಲಿ ನೆಲೆಸಿ, ಭಾನುವಾರ ಬೆಳಗಿನ ಜಾವ ಹೆಂಡತಿಗೆ ದೇವಸ್ಥಾನವೆಂದು ಹೇಳಿ ಶ್ರೀಪೆರುಂಬುದೂರಿನ ದಾರಿ ಹಿಡಿಯುವ ಗೃಹಸ್ಥರು. ಆ ಊರು ರಾಮಾನುಜರ ಜನ್ಮಸ್ಥಳವಾದ್ದರಿಂದ ಇದು ಪೂರ್ತಿ ಸುಳ್ಳಲ್ಲ. ಅವರು ಮೇಲುಕೋಟೆಗೆ ಬಂದ ಋಣಕ್ಕೆ ನಾವು ಅತ್ತ ಹೋಗುತ್ತಿದ್ದೇವೆ, ಅಷ್ಟೆ.

ಕ್ಷೇತ್ರಮಹಾತ್ಮೆ

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಅವತಾರ 1953ರಲ್ಲಿ. ಶೋಳವರದ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ಬಹುಕಾಲ ರೇಸು ನಡೆಸಿ, 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಟ್ರ್ಯಾಕ್ ತೆರೆಯಿತು. ಒಂದು ಪ್ರದಕ್ಷಿಣೆಗೆ ಸುಮಾರು 3.7 ಕಿ.ಮೀ., ತಿರುವುಗಳು 12. ಪುಣ್ಯ ಬರುವುದು ಸೆಕೆಂಡುಗಳ ಲೆಕ್ಕದಲ್ಲಿ.

ಸೂತ್ರ 1: ಗಟ್ಟಿಯಾದುದೆಲ್ಲ ಘನವಲ್ಲ

ವ್ಯಾಖ್ಯಾನ: ಸ್ಪ್ರಿಂಗಿನ ಮೂಲಪುರುಷ ಇಂಗ್ಲೆಂಡಿನ ರಾಬರ್ಟ್ ಹುಕ್. ಎಳೆದಷ್ಟೇ ಬಲ ಎಂಬ ತನ್ನ ನಿಯಮವನ್ನು ಈತ 1676ರಲ್ಲಿ ಅಕ್ಷರ ಕಲಸಿದ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿದ. ಸ್ಪ್ರಿಂಗ್ ಮಾಡುವವರು ಇಂದಿಗೂ ಒಗಟಿನಲ್ಲೇ ಮಾತಾಡುತ್ತಾರೆ. ನಾನು ಕೊಂಡ ಸುರುಳಿಯ ಮೈಮೇಲೆ ‘65-180-10’ ಎಂಬ ಶಾಸನವಿತ್ತು. ಹಲ್ಮಿಡಿಯವರಿಗೆ 16 ಸಾಲು ಬೇಕಾಯಿತು; ಇವರಿಗೆ ಮೂರು ಅಂಕೆ ಸಾಕು. ಒಳವ್ಯಾಸ 65 ಮಿ.ಮೀ., ಎತ್ತರ 180 ಮಿ.ಮೀ., ಒಂದು ಮಿ.ಮೀ. ಕುಗ್ಗಿಸಲು 10 ಕೆ.ಜಿ. ಭಾರ. ಹತ್ತು ಎಂಬುದು ಆರಕ್ಕಿಂತ ಗಂಡಸಾಗಿ ಕಂಡದ್ದರಿಂದ ಹತ್ತನ್ನೇ ತಂದೆ.

ಟ್ರ್ಯಾಕಿನಲ್ಲಿ ಎರಡು ಸುತ್ತು ಮುಗಿಸಿ ಬಂದಾಗ ಗ್ಯಾರೇಜಿನ ತಮಿಳು ಮೇಸ್ತ್ರಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದ: “ವಂಡಿ ಕುದಿಕ್ಕಿದು ಸಾರ್.” ನಾನು ಗಾಬರಿಯಾಗಿ ಬಾನೆಟ್ ಎತ್ತಿದೆ. ರೇಡಿಯೇಟರ್ ತಣ್ಣಗಿತ್ತು.

ಇಲ್ಲಿ ಭಾಷಾಶಾಸ್ತ್ರದ ಟಿಪ್ಪಣಿ ಅಗತ್ಯ. ಕನ್ನಡದಲ್ಲಿ ‘ಕುದಿ’ ಎಂದರೆ ನೀರಿನ ಕೆಲಸ. ತಮಿಳಿನಲ್ಲಿ ಅದೇ ‘ಕುದಿ’ ಎಂದರೆ ಎಗರು. ನಮ್ಮ ಕುದಿ ಅವರಲ್ಲಿ ‘ಕೊದಿ’. ಒಂದು ಒಕಾರ ತಪ್ಪಿದ್ದಕ್ಕೆ ನಾನು ಎರಡು ಬಾಟಲಿ ಕೂಲೆಂಟ್ ಕೊಂಡೆ. ಆತ ಹೇಳಿದ್ದು ಇಷ್ಟೇ: ಸ್ಪ್ರಿಂಗ್ ಕುಗ್ಗುತ್ತಿಲ್ಲ, ಚಕ್ರ ನೆಲ ಬಿಡುತ್ತಿದೆ, ನೆಲ ಬಿಟ್ಟ ಟೈರಿಗೆ ಹಿಡಿತವೆಲ್ಲಿಯದು?

ಸೂತ್ರ 2: ಅಹಂಕಾರ ಕಳೆ, ಲೆಕ್ಕ ಕೂಡಿಸು

ವ್ಯಾಖ್ಯಾನ: ಮುಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ ಕೂರುವ ಕಾರಿನ ಪಾಲು 250 ಕೆ.ಜಿ. ಎನ್ನೋಣ. ಮನೆಬಳಕೆಯ ಕಾರು ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ಟ್ರ್ಯಾಕಿನದಕ್ಕೆ ಎರಡು ಸಲ ಇರಲಿ. ಆಗ ಚಕ್ರದಲ್ಲಿ ಬೇಕಾದ ಬಿಗಿ ಮಿ.ಮೀ.ಗೆ 4 ಕೆ.ಜಿ. ಚಕ್ರ ಒಂದು ಮಿ.ಮೀ. ಎದ್ದಾಗ ಸ್ಪ್ರಿಂಗ್ 0.95 ಕುಗ್ಗಿದರೆ, ಆ ನಾಲ್ಕನ್ನು ಈ ಸಂಖ್ಯೆಯ ವರ್ಗದಿಂದ ಭಾಗಿಸಬೇಕು. ಬಂದ ಉತ್ತರ ಸುಮಾರು ನಾಲ್ಕೂವರೆ. ನನ್ನ ಹತ್ತಕ್ಕೆ ಕಾರು ಸೆಕೆಂಡಿಗೆ ಮೂರು ಸಲ ತಾಳ ಹಾಕುತ್ತಿತ್ತು. ಬೆನ್ನುಮೂಳೆ ಇದಕ್ಕೆ ಸಾಕ್ಷಿ.

ಪೂರ್ವಪಕ್ಷ: ಇರುವ ಸ್ಪ್ರಿಂಗನ್ನೇ ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸಿದರಾಗದೇ?

ಸಿದ್ಧಾಂತ: ಆಗದು. ಆರು ಸುತ್ತಿನಲ್ಲಿ ಒಂದು ಹೋದರೆ ಸುರುಳಿ ಶೇ. 20ರಷ್ಟು ಇನ್ನೂ ಗಟ್ಟಿಯಾಗುತ್ತದೆ, ಕೂರಲು ಮಟ್ಟಸವಾದ ತುದಿಯೂ ಉಳಿಯದು. ತಂತಿಯಂತೂ ಇನ್ನೂ ಕಟುಕ: 10 ಮಿ.ಮೀ. ದಪ್ಪವನ್ನು 11 ಮಾಡಿದರೆ ಬಿಗಿ ಸುಮಾರು ಶೇ. 46 ಏರುತ್ತದೆ.

ಸೂತ್ರ 3: ನಟ್ಟು ಎತ್ತರಕ್ಕೆ, ಬಿಗಿಗಲ್ಲ

ವ್ಯಾಖ್ಯಾನ: ಒಂದೇ ಸಮನೆ ಸುತ್ತಿದ ಸ್ಪ್ರಿಂಗಿನ ಕೆಳಗಿನ ನಟ್ಟನ್ನು ಎಷ್ಟು ತಿರುಗಿಸಿದರೂ ಕಾರು ಎತ್ತರವಾದೀತೇ ಹೊರತು ಸುರುಳಿ ಗಟ್ಟಿಯಾಗದು. ಪಂಚೆ ಬಿಗಿದು ಕಟ್ಟಿದರೆ ತೊಡೆಗೆ ಬಲ ಬಂದೀತೇ? ಜಾಕಿ ಹಾಕಿ ಕಾರು ಎತ್ತಿದಾಗ ಸ್ಪ್ರಿಂಗ್ ಲೊಡಲೊಡ ಎಂದರೆ ಅದರ ಜೊತೆಗೊಂದು ಪುಟ್ಟ ಸಹಾಯಕ ಸುರುಳಿ ಕೂರಿಸಬೇಕು. ಬುಷ್‌ಗಳ ಬೋಲ್ಟನ್ನು ಕೊನೆಗೆ ಬಿಗಿಯುವುದು ಚಕ್ರದ ಮೇಲೆ ಭಾರವಿರುವಾಗಲೇ. ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಬದುಕು ಸವೆಸುತ್ತದೆ. ನಾಲ್ಕು ಚಕ್ರಗಳ ತೂಕ ನೋಡುವಾಗ ಸೀಟಿನಲ್ಲಿ ಚಾಲಕನಿರಬೇಕು. ನಾನು ಕೆಳಗೆ ಬಗ್ಗಿ ನಟ್ಟು ತಿರುಗಿಸುತ್ತಿದ್ದರಿಂದ 25 ಕೆ.ಜಿ.ಯ ಮೂರು ಚೀಲ ಪೊನ್ನಿ ಅಕ್ಕಿಯನ್ನು ನನ್ನ ಸ್ಥಾನದಲ್ಲಿ ಕೂರಿಸಿ ಬೆಲ್ಟ್ ಹಾಕಲಾಯಿತು. ಅಕ್ಕಿ ನನಗಿಂತ ಸ್ಥಿರವಾಗಿ ಕೂತಿತ್ತೆಂದು ಮೇಸ್ತ್ರಿಯ ಅಭಿಪ್ರಾಯ. ಕೊನೆಗೆ ಅಲೈನ್‌ಮೆಂಟ್ ಮಾಡಿಸಬೇಕು; ಎತ್ತರ ಬದಲಾದ ಮೇಲೆ ಚಕ್ರದ ಕೋನಗಳೂ ಬದಲಾಗಿರುತ್ತವೆ.

ಫಲಶ್ರುತಿ

ನಾಲ್ಕೂವರೆಯ ಸುರುಳಿ ಹಾಕಿ ಮತ್ತೆ ಟ್ರ್ಯಾಕಿಗಿಳಿದೆವು. ಪಕ್ಕದಲ್ಲಿ ಮೇಸ್ತ್ರಿ. ತಿರುವಿನಲ್ಲಿ ಕಾರು ಕೊಂಚ ವಾಲಿ, ಯೋಚಿಸಿ, ರಸ್ತೆಯನ್ನು ಕಚ್ಚಿ ಹಿಡಿಯಿತು. ಖುಷಿಯಲ್ಲಿ ಎರಡರ ಬದಲು ಆರು ಸುತ್ತು ಹೊಡೆದೆ. ನಿಲ್ಲಿಸಿದಾಗ ಆತ ನಕ್ಕು, “ಇಪ್ಪೋ ಕುದಿಕ್ಕಲೆ ಸಾರ್” ಎಂದ.

ನಿಜ, ಎಗರುತ್ತಿರಲಿಲ್ಲ. ಬಾನೆಟ್ಟಿನ ಸಂದಿಯಿಂದ ಬುಸುಬುಸು ಹಬೆ ಏಳುತ್ತಿತ್ತು. ಕಾರು ಈಗ ಅಚ್ಚಗನ್ನಡದಲ್ಲಿ ಕುದಿಯುತ್ತಿತ್ತು. ಕೂಲೆಂಟ್ ಬಾಟಲಿ ಎರಡೂ ಮನೆಯಲ್ಲಿದ್ದವು.