ಒಂಬತ್ತು ನಿಮಿಷದ ಆಕಾಶ

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ ಸುಮಾರು 75 ಕಿಲೋಮೀಟರ್. ಇಂಥ ಸಣ್ಣ ದೂರಕ್ಕೆ ಹಾರುವ ಎಟಿಆರ್ ವಿಮಾನದ ವೇಗ ಗಂಟೆಗೆ ಹೆಚ್ಚುಕಡಿಮೆ 500 ಕಿಲೋಮೀಟರ್. ಭಾಗಿಸಿ ನೋಡಿದರೆ ಒಂಬತ್ತೇ ನಿಮಿಷ! ಅದೇ ಹೆದ್ದಾರಿಯಲ್ಲಿ ಹೋದರೆ ನೂರರ ಆಸುಪಾಸು ಕಿಲೋಮೀಟರ್, ಎರಡು ಗಂಟೆ ಹಿಡಿಯುತ್ತದೆ. ಇಷ್ಟು ಓದಿದವರಿಗೆ ಬಸ್ಸಿನಲ್ಲಿ ಹೋಗುವವರೆಲ್ಲ ಕೆಲಸವಿಲ್ಲದವರಂತೆ ಕಂಡರೆ ತಪ್ಪೇನಲ್ಲ. ಆದರೆ ಈ ಒಂಬತ್ತು ನಿಮಿಷ ಗಣಿತದ ಪುಸ್ತಕಕ್ಕೆ ಸೇರಿದ್ದು. ಎರಡು ಊರುಗಳ ನಡುವೆ ವಿಮಾನ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಅವುಗಳ ನಡುವಿನ ನೆಲ ಎಂಬುದು ನನ್ನ ವಾದ.

ಮೊದಲು ವಿಮಾನದ ಕಷ್ಟ ಕೇಳೋಣ. ಎರಡೂ ಕಡೆ ರನ್‌ವೇ ಮಲಗಿರುವುದು ಪೂರ್ವ-ಪಶ್ಚಿಮವಾಗಿ; ಬೆಳಗಾವಿ ಇರುವುದು ಹುಬ್ಬಳ್ಳಿಯ ವಾಯವ್ಯಕ್ಕೆ. ವಿಮಾನ ಗಾಳಿಗೆ ಎದುರಾಗಿ ಏಳಬೇಕು, ತಿರುಗಬೇಕು, ಮತ್ತೆ ಸಾಂಬ್ರಾದ ರನ್‌ವೇಗೆ ನೇರವಾಗಿ ಬಂದು ನಿಲ್ಲಬೇಕು. ಪೂರ್ತಿ ಎತ್ತರಕ್ಕೆ ಏರುವುದರೊಳಗೆ ಇಳಿಯುವ ಹೊತ್ತಾಗಿರುತ್ತದೆ. ಅದಕ್ಕೇ ಹಾರಾಟದ ಲೆಕ್ಕ ಹಾಕುವವರು ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸಿಬಿಡುತ್ತಾರೆ. ಒಂಬತ್ತು ಹೋಗಿ ಮೂವತ್ತೊಂಬತ್ತಾಗುತ್ತದೆ. ಇನ್ನು ಪ್ರಯಾಣಿಕನ ಪಾಡು. ವಿಮಾನ ಏಳುವುದಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ. ಆಮೇಲೆ ಬೆಲ್ಟು ಬಿಚ್ಚಿ, ಕಿಸೆಯ ಚಿಲ್ಲರೆಯನ್ನೆಲ್ಲ ಟ್ರೇಗೆ ಸುರಿದು, ಜಾರುವ ಪ್ಯಾಂಟನ್ನು ದೇವರಿಗೊಪ್ಪಿಸಿ ಎರಡೂ ಕೈ ಚಾಚಿ ನಿಲ್ಲಬೇಕು. ಕೌಂಟರ್ ಮುಚ್ಚಿದಾಗ ಹುಬ್ಬಳ್ಳಿ ಬಿಟ್ಟ ಬಸ್ಸು, ವಿಮಾನ ಏಳುವ ಹೊತ್ತಿಗೆ ಧಾರವಾಡ ದಾಟಿ ಕಿತ್ತೂರಿನ ದಾರಿಯಲ್ಲಿರುತ್ತದೆ. ಸಾಂಬ್ರಾದಲ್ಲಿ ಇಳಿದವನಿಗೆ ಊರು ಸೇರಲು ಇನ್ನೂ ಹತ್ತು ಕಿಲೋಮೀಟರ್ ಆಟೋ ಬಾಕಿ. ಬಸ್ಸಿನವನು ಊರೊಳಗೇ ಇಳಿದು ಕುಂದಾ ತಿನ್ನುತ್ತಿರುತ್ತಾನೆ.

'ಹಾಗಾದರೆ ಸಣ್ಣ ದೂರಕ್ಕೆ ವಿಮಾನವೇ ದಂಡವೋ?' ಎಂದು ಕೇಳಬಹುದು. ಖಂಡಿತ ಅಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಇರುವ ದೂರ ಮೂರು ಕಿಲೋಮೀಟರಿಗೂ ಕಡಿಮೆ. ವೇಳಾಪಟ್ಟಿಯಲ್ಲೇ ಎರಡು ನಿಮಿಷದ ಹಾರಾಟ. ಗಾಳಿ ಅನುಕೂಲವಾದಾಗ ಒಂದು ನಿಮಿಷದೊಳಗೆ ತಲುಪಿದ್ದೂ ಉಂಟು. ಅದನ್ನು ನೋಡಿ ಯಾರೂ ನಗುವಂತಿಲ್ಲ, ಏಕೆಂದರೆ ನಡುವೆ ಇರುವುದು ಸಮುದ್ರ. ಸಣ್ಣ ಊರುಗಳಿಗೂ ವಿಮಾನ ಮುಟ್ಟಿಸುವ ನಮ್ಮ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಹಾರಿದ್ದು ಶಿಮ್ಲಾದಿಂದ ದೆಹಲಿಗೆ. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡವರು ಅದಕ್ಕೆ ಕೈ ಮುಗಿದಾರು. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಬೆಂಗಳೂರಿಗೆ ಹಾರುವುದಕ್ಕೂ ಅರ್ಥವಿದೆ. ಅಷ್ಟು ದೂರಕ್ಕೆ ನಿಲ್ದಾಣದಲ್ಲಿ ಕಳೆದ ಹೊತ್ತನ್ನು ಆಕಾಶ ಬಡ್ಡಿ ಸಮೇತ ತೀರಿಸುತ್ತದೆ.

ಉಳಿದದ್ದು ಪ್ರತಿಷ್ಠೆಯ ವಾದ: 'ವಿಮಾನದಾಗ ಬಂದೆ' ಅನ್ನುವುದಕ್ಕೊಂದು ತೂಕವಿದೆಯಲ್ಲ! ಇದೆ, ಒಪ್ಪೋಣ. ಆದರೆ ಆ ತೂಕಕ್ಕೆ ಕಿಟಕಿಯಿಂದ ರೆಕ್ಕೆಯ ಫೋಟೊ ಹಿಡಿಯಬೇಕು, ಗಗನಸಖಿಯಿಂದ ಚಹಾ ಇಸಿದುಕೊಳ್ಳಬೇಕು. ಏರಿ ಇಳಿಯುವುದರಲ್ಲೇ ಮುಗಿಯುವ ಹಾರಾಟದಲ್ಲಿ ಚಹಾ ಬರುವುದು ಹಾಗಿರಲಿ, ಬೆಲ್ಟು ಬಿಚ್ಚುವ ಅನುಮತಿಯೇ ಸಿಕ್ಕಲಾರದು. ಮೇಲಾಗಿ ಧಾರವಾಡದ ಫೇಡೆಯನ್ನು ಮೇಲಿನಿಂದ ಕೊಳ್ಳಲಾಗದು. ಈ ದಾರಿಗೆ ಅಡ್ಡ ಬರುವ ದೊಡ್ಡ ನೀರೆಂದರೆ ಮಲಪ್ರಭೆ, ಅದಕ್ಕೆ ದಾರಿಯಲ್ಲೇ ಸಿಗುವ ಎಂ.ಕೆ. ಹುಬ್ಬಳ್ಳಿ ಎಂಬ ಊರಲ್ಲಿ ಸೇತುವೆಯಿದೆ.