ಬ್ಯಾನರು ಬಿಚ್ಚಿಟ್ಟು ಘಟ್ಟ ಇಳಿಯಿರಿ

ಬೆಂಗಳೂರಿನಿಂದ ಕಡಲಿಗೆ ಸೈಕಲ್ ತುಳಿದು ಬರುವ ಸಮಸ್ತ ತಂಡಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸವಾರ ಮಹನೀಯರೇ, ಮಹಿಳೆಯರೇ,

ಮಳೆಗಾಲ ಮುಗಿದು ಘಟ್ಟದ ರಸ್ತೆಯ ಗುಂಡಿಗಳಿಗೆ ತೇಪೆ ಬಿದ್ದ ಮೇಲೆ ನಿಮ್ಮ ಸವಾರಿ ಹೊರಡುತ್ತದೆ. ನೆಲಮಂಗಲ, ಕುಣಿಗಲ್, ಹಾಸನ ದಾಟಿ ಸಕಲೇಶಪುರದಲ್ಲಿ ಒಂದು ರಾತ್ರಿ. ಆಮೇಲೆ ಶಿರಾಡಿ ಇಳಿದು ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ಹಾದು ಮಂಗಳೂರಿನ ಕಡಲು. ಸುಮಾರು 350 ಕಿಲೋಮೀಟರ್. ಶಿರಾಡಿಯ ಲಾರಿಗಳಿಗೆ ಅಂಜುವವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಹಿಡಿಯುತ್ತಾರೆ. ಫೋಟೊ ಚೆನ್ನಾಗಿ ಬರಬೇಕೆನ್ನುವವರು ತೀರ್ಥಹಳ್ಳಿಯ ಮೇಲೆ ಹೋಗಿ ಆಗುಂಬೆಯ 14 ತಿರುವು ಇಳಿದು ಉಡುಪಿ ಸೇರುತ್ತಾರೆ. ದಾರಿ ಯಾವುದಾದರೂ ಮುಂದೊಂದು ಬ್ಯಾನರು ಇದ್ದೇ ಇರುತ್ತದೆ. ಪರಿಸರ ಉಳಿಸಿ, ಪಶ್ಚಿಮ ಘಟ್ಟ ಉಳಿಸಿ, ಇಂಧನ ಉಳಿಸಿ. ಉಳಿಸಬೇಕಾದ್ದು ವರ್ಷವರ್ಷಕ್ಕೆ ಬದಲಾಗುತ್ತದೆ, ಬರೆಸುವುದು ಮಾತ್ರ ಅದೇ ಪ್ಲಾಸ್ಟಿಕ್ಕಿನ ಫ್ಲೆಕ್ಸಿನ ಮೇಲೆ. ಘಟ್ಟದ ಕೆಳಗಿನವರಾದ ನಮ್ಮ ತಕರಾರು ಸೈಕಲ್ಲಿನ ಮೇಲಲ್ಲ, ನಿಮ್ಮ ಬಿಗಿ ಚಡ್ಡಿಯ ಮೇಲಂತೂ ಅಲ್ಲವೇ ಅಲ್ಲ. ಮಜಾಕ್ಕೆಂದು ಹೊರಟವರು ಲೋಕೋದ್ಧಾರಕ್ಕೆ ಹೊರಟಂತೆ ನಟಿಸಿದರೆ ಮಜಾಕ್ಕೂ ನಷ್ಟ, ಲೋಕಕ್ಕೂ ನಷ್ಟ ಎಂಬುದಷ್ಟೇ ಈ ಪತ್ರದ ವಾದ.

ಮೊದಲು ಇಂಧನದ ಲೆಕ್ಕ ನೋಡೋಣ, ಬ್ಯಾನರಿನಲ್ಲಿ ಬರೆಸಿದ್ದು ನೀವೇ ತಾನೆ. 40 ಜನರ ತಂಡವೆಂದು ಹಿಡಿಯಿರಿ. ಇಷ್ಟೂ ಜನ ಒಂದು ಕೆಂಪು ಬಸ್ಸು ಹತ್ತಿ ಬಂದಿದ್ದರೆ, ಲೀಟರಿಗೆ 5 ಕಿಲೋಮೀಟರಿನಂತೆ 70 ಲೀಟರ್ ಡೀಸೆಲ್ಲಿನಲ್ಲಿ ಕೆಲಸ ಮುಗಿಯುತ್ತಿತ್ತು. ತಲೆಗೆ ಎರಡು ಲೀಟರೂ ಬೀಳುವುದಿಲ್ಲ. ಈಗ ನಿಮ್ಮ ಬೆನ್ನ ಹಿಂದೆ ಬರುವ ದೊಡ್ಡ ಕಾರನ್ನು ನೋಡಿ. ಸೈಕಲ್ಲಿನ ವೇಗಕ್ಕೆ ಇಳಿದು ಎರಡನೇ ಗೇರಿನಲ್ಲಿ ತೆವಳುತ್ತ, ನಿಮಗಾಗಿ ಕಾಯುವಾಗ ಎ.ಸಿ. ಹಾಕಿಕೊಂಡು ಗುರುಗುಟ್ಟುತ್ತ ನಿಲ್ಲುವ ಆ ಕಾರು ಲೀಟರಿಗೆ 10 ಕಿಲೋಮೀಟರ್ ಕೊಟ್ಟರೆ ಅದೇ ಪುಣ್ಯ. ಅಂದರೆ ಕಾರೊಂದಕ್ಕೆ 35 ಲೀಟರ್. ಎರಡು ಕಾರಾದರೆ ಬಸ್ಸಿಗೆ ಸರಿಸಮ. ದಾರಿ ತೋರಲು ಮುಂದೊಂದು, ಸುಸ್ತಾದವರನ್ನು ಹತ್ತಿಸಿಕೊಳ್ಳಲು ಹಿಂದೊಂದು, ಕ್ಯಾಮೆರಾದವರಿಗೆ ನಡುವೊಂದು ಎಂದು ಮದುವೆ ದಿಬ್ಬಣದಂತೆ ಮೂರನೆಯದು ಸೇರಿದ ಕೂಡಲೇ ನಿಮ್ಮ ಸೈಕಲ್ ಯಾತ್ರೆ ಬಸ್ ಪ್ರಯಾಣಕ್ಕಿಂತ ಹೆಚ್ಚು ಡೀಸೆಲ್ ಕುಡಿದಾಯಿತು. ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮೂರು ಕಾರಿನ 105 ಲೀಟರಿಗೆ ಕಾಲು ಟನ್ನಿಗೂ ಮಿಕ್ಕಿತು. ಮರಳುವಾಗ ಜನರಿಗೊಂದು ಬಸ್ಸು, ಸೈಕಲ್ಲುಗಳಿಗೊಂದು ಲಾರಿ. ಅದನ್ನು ಕೂಡಿಸಿಲ್ಲ; ಬಹಿರಂಗ ಪತ್ರಕ್ಕೂ ಒಂದಿಷ್ಟು ದಾಕ್ಷಿಣ್ಯ ಬೇಡವೇ?

ಬೆಂಬಲದ ವಾಹನ ಬೇಡವೆಂದರೆ ಸಾಯಬೇಕೇ ಎಂದು ನೀವು ಕೇಳಬಹುದು, ಕೇಳುವುದು ನ್ಯಾಯವೇ. ಮಂಗಳೂರು ಬಂದರಿನ ಕಂಟೇನರು, ಅನಿಲದ ಬುಲೆಟ್ ಟ್ಯಾಂಕರು, ತಡವಾಗಿ ಹೊರಟ ಬಸ್ಸು ಎಲ್ಲಕ್ಕೂ ಶಿರಾಡಿಯೇ ದಾರಿ. ಫೋನು ಸತ್ತುಹೋಗುವ ತಿರುವುಗಳಿವೆ, ಬಿದ್ದರೆ ಎತ್ತಿಕೊಂಡು ಹೋಗಲು ದೊಡ್ಡ ಆಸ್ಪತ್ರೆ ಹತ್ತಿರದಲ್ಲಿಲ್ಲ. ಒಂದು ವಾಹನ ಇರಲಿ, ಅದರಲ್ಲಿ ಗಾಯಕ್ಕೆ ಪಟ್ಟಿ ಕಟ್ಟಬಲ್ಲವರು ಇರಲಿ. ಆದರೆ ಬಾಳೆಹಣ್ಣು ಹೊರಲು ಕಾರು ಯಾಕೆ? ಘಟ್ಟದ ಮೇಲೂ ಕೆಳಗೂ ಗೊನೆ ತೂಗಾಡದ ಗೂಡಂಗಡಿಯೇ ಇಲ್ಲ. ನಾವು ಬಂದರೆ ಹಳ್ಳಿಯವರಿಗೆ ವ್ಯಾಪಾರ ಎನ್ನುತ್ತೀರಿ. ಕಡಲೆಮಿಠಾಯಿಯಿಂದ ಹಿಡಿದು ಉಪ್ಪುಸಕ್ಕರೆಯ ಪುಡಿಯವರೆಗೆ ಡಿಕ್ಕಿಯಲ್ಲಿ ತುಂಬಿಕೊಂಡು ಬಂದು, ಕೊಟ್ಟಿಗೆಹಾರದ ನೀರುದೋಸೆಯ ಹೋಟೆಲಿನ ಮುಂದೆ ನಿಂತು ಪೊಟ್ಟಣ ಹರಿದರೆ ಯಾವ ವ್ಯಾಪಾರ? ದೂರದ ಸೈಕಲ್ ಸವಾರಿಗೆ ಹಿಂಬಾಲಕರು ಬೇಕೇ ಬೇಕೆಂಬುದಕ್ಕೆ ನಿಮ್ಮ ಊರಿನಲ್ಲೇ ಉತ್ತರವಿದೆ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ಬೆಂಗಳೂರಿನಲ್ಲೂ ನಡೆಯುವ ಬ್ರೆವೆ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಗಡುವು. ತಪಾಸಣೆಯ ಠಾಣೆಗಳಲ್ಲಿ ಬಿಟ್ಟರೆ ನಡುದಾರಿಯಲ್ಲಿ ಯಾವ ಕಾರೂ ನೆರವಿಗೆ ಬರುವಂತಿಲ್ಲ. ಪಂಕ್ಚರ್ ಆದರೆ ನಿಮ್ಮದೇ ಕೈ, ಹಸಿವಾದರೆ ಸಿಕ್ಕಿದ ಢಾಬಾ. ಅಷ್ಟು ದೂರ ತುಳಿದವರು ಮಂಡಿನೋವು ಹೊತ್ತು ಮನೆಗೆ ಹೋಗಿ ಮಲಗುತ್ತಾರೆಯೇ ಹೊರತು ಭೂಮಿಯನ್ನು ಉಳಿಸಿದೆವೆಂದು ಶಾಲು ಹೊದೆಸಿಕೊಳ್ಳುವುದಿಲ್ಲ.

ಇನ್ನು ನಿಮ್ಮ ಬತ್ತಳಿಕೆಯ ದೊಡ್ಡ ಬಾಣ: ನಮ್ಮನ್ನು ನೋಡಿ ಜನ ಸೈಕಲ್ಲಿಗೆ ಮರಳುತ್ತಾರೆ. ನಮ್ಮ ಕಡೆ ಮೀನಿನ ಬುಟ್ಟಿ, ಹಾಲಿನ ಕ್ಯಾನು, ಅಂಚೆಯ ಚೀಲ ಎಲ್ಲವೂ ಒಂದು ಕಾಲಕ್ಕೆ ಸೈಕಲ್ಲಿನ ಮೇಲೇ ಏರುತಗ್ಗು ದಾಟಿದವು. ಆ ಜನ ಸೈಕಲ್ ಬಿಟ್ಟದ್ದು ಜಾಗೃತಿಯ ಕೊರತೆಯಿಂದಲ್ಲ. ದುಡಿಯುವ ದೂರ ಹೆಚ್ಚಾಯಿತು, ರಸ್ತೆಯ ಅಂಚು ಕಡಿಮೆಯಾಯಿತು, ಸಾಲಕ್ಕೆ ಸ್ಕೂಟರು ಸಿಕ್ಕಿತು. ಕ್ಯಾರಿಯರ್ ಇಲ್ಲದ, ಸ್ಟ್ಯಾಂಡ್ ಇಲ್ಲದ, ಮಡ್‌ಗಾರ್ಡೂ ಇಲ್ಲದ ನಿಮ್ಮ ಲಕ್ಷ ರೂಪಾಯಿಯ ಬಂಡಿ ಕಂಡು ಬೆಳ್ತಂಗಡಿಯ ಮೀನು ಮಾರುವವನು ಸ್ಕೂಟರು ಮಾರಿಬಿಡುತ್ತಾನೆಂದು ನಂಬುವುದಕ್ಕೆ ಬಹಳ ದೊಡ್ಡ ಹೃದಯ ಬೇಕು. ಸೈಕಲ್ಲು ಜನರ ಬದುಕಿಗೆ ನಿಜವಾಗಿ ಮರಳಿದ್ದು ಯಾವಾಗೆಂದರೆ, ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚತೊಡಗಿದಾಗ. ಪ್ರೌಢಶಾಲೆ ದೂರವೆಂದು ಮನೆಯಲ್ಲೇ ಉಳಿಯಬೇಕಿದ್ದ ಹುಡುಗಿಯರಿಗೆ ಅದು ಎಂಥ ಅನುಕೂಲವೆಂದು ಮಲೆನಾಡಿನ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಅದು ಯಾಕೆ ನಿಂತಿತೆಂದು ಕೇಳಲು ಘಟ್ಟ ಇಳಿಯುವ ಅಗತ್ಯವೂ ಇರಲಿಲ್ಲ, ವಿಧಾನಸೌಧ ನಿಮಗೆ ಹತ್ತಿರವೇ ಇತ್ತು. ಹಾಗೆಯೇ 2020ರಲ್ಲಿ ನಿಮ್ಮ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದು ಬೇರೆ ಪಥ ಹಾಕಿ ಗೂಟ ನೆಟ್ಟಿದ್ದರು. ಬೈಕಿನವರು ಅದರೊಳಗೆ ನುಗ್ಗಿದರು, ಗೂಟಗಳು ಒಂದೊಂದಾಗಿ ಹೋದವು. ಮನೆಯ ಮುಂದಿನ ಗೂಟ ಉಳಿಸಿಕೊಳ್ಳಲಾಗದವರು 350 ಕಿಲೋಮೀಟರ್ ಆಚೆಯ ನಮಗೆ ಜಾಗೃತಿ ತರುತ್ತಿದ್ದೀರಿ, ಸಂತೋಷ.

ಬ್ಯಾನರಿನಿಂದ ಮಜಾಕ್ಕೂ ನಷ್ಟ ಎಂದೆನಲ್ಲ, ಅದನ್ನು ಹೇಳುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ಮಂಗಳೂರು ಸಮುದ್ರದ ಮಗ್ಗುಲಲ್ಲಿದೆ. ಒಟ್ಟು ಲೆಕ್ಕದಲ್ಲಿ ಇದು ಇಳಿಜಾರಿನ ಪ್ರವಾಸ. ಸಾಹಸವೇ ಬೇಕಿದ್ದರೆ ಮಂಗಳೂರಿನಿಂದ ಹೊರಟು ಮೇಲಕ್ಕೆ ಹತ್ತಬಹುದಿತ್ತು. ಇಳಿಯುವುದರಲ್ಲಿ ತಪ್ಪೇನಿಲ್ಲ, ಇಳಿಯುವ ಸುಖಕ್ಕೆ ಸಾಟಿಯೂ ಇಲ್ಲ. ಅದನ್ನು ತ್ಯಾಗವೆಂದು ಕರೆಯಬೇಡಿ, ಅಷ್ಟೆ. ಸಮತಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋದರೆ ಹಿಂದಿನವರಿಗೆ ಗಾಳಿಯ ಹೊಡೆತ ತಪ್ಪಿ ಶ್ರಮದಲ್ಲಿ ಕಾಲುಭಾಗವಾದರೂ ಉಳಿಯುತ್ತದೆ. ಗುಂಪಾಗಿ ತುಳಿಯುವ ಸೊಗಸು ಅದರಲ್ಲೇ ಇದೆ. ಘಟ್ಟದಲ್ಲಿ ಅದೇ ಅಂಟು ಅಪಾಯ. ಸೈಕಲ್ಲೂ ಸವಾರನೂ ಸೇರಿ 90 ಕಿಲೋ ಎಂದಿಟ್ಟುಕೊಂಡರೆ, ಸಕಲೇಶಪುರದಿಂದ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕು. ಒಂದಿಷ್ಟನ್ನು ಗಾಳಿ ಕೊಂಡೊಯ್ಯುತ್ತದೆ, ಉಳಿದದ್ದನ್ನು ನಿಮ್ಮ ಬ್ರೇಕು ತಿನ್ನಬೇಕು. ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿದವರ ರಿಮ್ಮು ಕಾದು ಟ್ಯೂಬು ಸಿಡಿದ ಉದಾಹರಣೆ ಬೇಕಾದಷ್ಟಿವೆ. ಗುಂಡ್ಯ ದಾಟಿದ ಮೇಲೆ ಮುಗಿಯಿತೆಂದುಕೊಂಡವರಿಗೆ ಬಿ.ಸಿ. ರೋಡಿನವರೆಗೆ ಏರುತಗ್ಗು, ಬೆವರು ಒಣಗದ ಸೆಕೆ, ಮಧ್ಯಾಹ್ನದ ಮೇಲೆ ಪಡುವಣದಿಂದ ಎದೆಗೇ ಬಡಿಯುವ ಕಡಲ ಗಾಳಿ. ಸವಾರಿಯ ಕಥೆಯೆಂದರೆ ಇದು. ಇದನ್ನೆಲ್ಲ ಬಿಟ್ಟು ಪತ್ರಿಕೆಗೆ ಕೊಡುವ ಹೇಳಿಕೆಯಲ್ಲಿ "ಯುವಜನರಲ್ಲಿ ಪರಿಸರ ಪ್ರಜ್ಞೆ" ಎಂದು ಬರೆಯುತ್ತೀರಲ್ಲ, ಓದುವವರ ಗತಿಯೇನು?

ಬ್ಯಾನರು ಇಲ್ಲದೆ ಪೆಡಲು ತಿರುಗುವುದೇ ಇಲ್ಲವೆಂದರೆ, ನಿಮ್ಮ ಚಕ್ರದ ಕೆಳಗೇ ಒಂದು ಘೋಷಣೆ ಬಿದ್ದಿದೆ: ರಸ್ತೆಯ ಅಂಚು ಕೊಡಿ. ಬೆಂಬಲ ವಾಹನ ಅನಿವಾರ್ಯವಾದದ್ದು ಸೈಕಲ್ಲಿನ ದೋಷದಿಂದಲ್ಲ, ರಸ್ತೆಯ ದೋಷದಿಂದ. ನಿಮ್ಮ ಹಿಂದಿನ ಕಾರು ಪ್ರಯಾಣವಿಡೀ ಸಾರುವ ಸತ್ಯ ಅದೊಂದೇ. ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಜಾರಿಸುವಂತಿಲ್ಲ. ಘಟ್ಟದಲ್ಲಿ ಅಂಚು ಬೇಕೆಂದರೆ ಗುಡ್ಡ ಕಡಿಯಬೇಕು. ಕಡಿದ ಗುಡ್ಡ ಹೇಗೆ ಕುಸಿಯುತ್ತದೆಂದು 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ, ಅದೇ ತಿಂಗಳು ಅಂಕೋಲಾದ ಶಿರೂರಿನಲ್ಲಿ ನೋಡಿದ್ದೇವೆ. ಘಟ್ಟವನ್ನು ಇನ್ನೊಂದಡಿಯೂ ಅಗಲ ಮಾಡುವುದು ಬೇಡ. ಅಲ್ಲಿ ಹಂಚಿಕೊಳ್ಳಬೇಕಾದ್ದು ಜಾಗವನ್ನಲ್ಲ, ಹೊತ್ತನ್ನು. ಬಂಡೀಪುರದ ರಸ್ತೆಗೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬೀಗ ಬಿದ್ದಿದೆ, ಆಗುಂಬೆಯಲ್ಲಿ ಭಾರಿ ವಾಹನಕ್ಕೆ ಪ್ರವೇಶವೇ ಇಲ್ಲ. ಆನೆಗೆಂದು, ತಿರುವಿಗೆಂದು ಸಂಚಾರ ತಡೆಯಬಲ್ಲ ಸರ್ಕಾರಕ್ಕೆ ಚಳಿಗಾಲದ ಭಾನುವಾರಗಳಲ್ಲಿ ಚಾರ್ಮಾಡಿಯ ಎರಡು ಗಂಟೆಯನ್ನು ಸೈಕಲ್ಲಿಗೆ ಬಿಡುವುದು ತಿಳಿಯದ ವಿದ್ಯೆಯೇನಲ್ಲ. ಅಂಚು ಕೇಳಬೇಕಾದ್ದು ಬಯಲಿನಲ್ಲಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಂದು ಬೈಕು, ಆಟೊ, ಟ್ರ್ಯಾಕ್ಟರಿನ ಜೊತೆಗೆ ಸೈಕಲ್ಲನ್ನೂ ಹೊರದಬ್ಬಿದರು. ನೂರು ಕಿಲೋಮೀಟರ್ ವೇಗದ ಕಾರುಗಳ ನಡುವೆ ಸೈಕಲ್ ಬೇಡವೆಂಬುದು ಸರಿಯೇ. ಹಾಗಾದರೆ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಸೈಕಲ್ಲಿಗೆ ಒಂದು ಗೆರೆ ಎಳೆಯಿರಿ ಎಂಬ ಸಾಲು ನಿಮ್ಮ ಫ್ಲೆಕ್ಸಿನಲ್ಲಿ ಯಾಕಿಲ್ಲ? ಪ್ರಾಯೋಜಕರ ಲಾಂಛನಗಳಿಗೆ ಜಾಗ ಸಾಲದೇ ಹೋಯಿತೇ?

ಈ ವರ್ಷ ಬರುವುದಿದ್ದರೆ ಒಂದು ವ್ಯಾವಹಾರಿಕ ಸೂಚನೆ. ಮರಳುವಾಗ ಸೈಕಲ್ಲನ್ನು ಮಂಗಳೂರಿನಿಂದ ರೈಲಿನ ಲಗೇಜು ಬೋಗಿಗೆ ಬುಕ್ ಮಾಡಬಹುದು. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗಿನ 57 ಸುರಂಗಗಳನ್ನು ನೀವು ತುಳಿಯದೆಯೇ ಹತ್ತಬಹುದು. ಇಲ್ಲ, ಲಾರಿಯನ್ನೇ ತರುತ್ತೇವೆ, ಆಗುಂಬೆಯ ಮೇಲೇ ಇಳಿಯುತ್ತೇವೆ ಎನ್ನುವಿರಾದರೆ ಮೇಲೆ ಹೇಳಿದ ಭಾರಿ ವಾಹನದ ನಿಷೇಧ ನೆನಪಿರಲಿ. ನೀವು ಘಟ್ಟದ ಬುಡದ ಸೋಮೇಶ್ವರ ತಲುಪುವ ಹೊತ್ತಿಗೆ ನಿಮ್ಮ ಲಾರಿ, ಅದರ ಮೈಗೆ ಕಟ್ಟಿದ "ಇಂಧನ ಉಳಿಸಿ" ಬ್ಯಾನರಿನ ಸಮೇತ, ಬೇರೆ ಘಟ್ಟ ಹುಡುಕಿಕೊಂಡು ಸುತ್ತುತ್ತಿರುತ್ತದೆ.

ಇತಿ,
ಘಟ್ಟದ ಕೆಳಗಿನ ಒಬ್ಬ ಪಾದಚಾರಿ